ಬೈಂಡು ಹಾಕುವಷ್ಟು ಹೊತ್ತು

ಗಿರಾಕಿ ಏನನ್ನೂ ಕೊಳ್ಳದೆ ವಾಪಸ್ ಹೋದ ದಿನ ಖುಷಿಯಿಂದ ಮನೆಗೆ ಬಂದು ಪಾಯಸ ಮಾಡುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ! ಹಾಗಾದರೆ ನೀವು ನನ್ನ ಅತ್ತಿಗೆಯನ್ನು ಕಂಡಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಉಡುಪಿ ಕಡೆಯವರು. ಅಣ್ಣನ ಮನೆ ಅಮೆರಿಕದ ಸಮಾಮಿಶ್ ಎಂಬ ಊರಿನ ಗುಡ್ಡದ ಮೇಲೆ. ಅಲ್ಲಿ ಒಂದು ಲೋಟ ಹಾಲು ಬೇಕೆಂದರೂ ಕಾರು ತೆಗೆಯಬೇಕು. ಮನೆಯಲ್ಲಿ ಕೂತು ಕೂತು ಬೇಸತ್ತ ಅತ್ತಿಗೆ ಕೊನೆಗೆ ಬೆಲ್ವ್ಯೂ ಹತ್ತಿರದ ಒಂದು ಕಮ್ಯುನಿಟಿ ಕಾಲೇಜಿನ ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಅದು ಹದಿನೆಂಟರ ಹುಡುಗರು ಮಾತ್ರ ಓದುವ ಕಾಲೇಜಲ್ಲ. ಬಸ್ಸು ಓಡಿಸುವವರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಕೈ ಖಾಲಿಯಾದ ತಾಯಂದಿರು, ಮೊನ್ನೆಯಷ್ಟೇ ಯಾವುದೋ ದೇಶದಿಂದ ಬಂದಿಳಿದವರು, ಎಲ್ಲರೂ ಅಲ್ಲಿ ಮತ್ತೆ ವಿದ್ಯಾರ್ಥಿಗಳು.

ಒಂದು ದಿನ ಒಬ್ಬ ಹುಡುಗಿ ಜೀವಶಾಸ್ತ್ರದ ಹೊಸ ಆವೃತ್ತಿ ಹಿಡಿದು ಕೌಂಟರಿಗೆ ಬಂದಳಂತೆ. ಅತ್ತಿಗೆ ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಇದು ಬೇಡ, ಹಳೆಯದನ್ನೇ ಯಾರ ಹತ್ತಿರವಾದರೂ ಇಸಿದುಕೋ, ಅದರ ರಟ್ಟಿನ ಮೇಲೆ ಕಪ್ಪೆ ಇತ್ತು, ಇದರ ಮೇಲೆ ಗೂಬೆ ಇದೆ, ಒಳಗೆಲ್ಲ ಒಂದೇ ಎಂದು ಕಳಿಸಿಬಿಟ್ಟರಂತೆ!

"ಅಲ್ಲ ಅತ್ತಿಗೆ, ನೀವು ಅಂಗಡಿ ಕಡೆನೋ ಗಿರಾಕಿ ಕಡೆನೋ?" ಎಂದೆ.

"ನಾನು ಕಪ್ಪೆ ಕಡೆ ಮಾರಾಯ!"

ಅಂದು ಪಾಯಸಕ್ಕೆ ಗೋಡಂಬಿ ಜಾಸ್ತಿಯೇ ಬಿದ್ದಿತ್ತು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅತ್ತಿಗೆಗೆ ಇನ್ನೊಂದು ಹುಚ್ಚು. ಜೂನ್ ತಿಂಗಳು ಬಂದರೆ ನಮ್ಮ ಮನೆಗಳಲ್ಲಿ ನೆಲದ ತುಂಬ ಖಾಕಿ ಕಾಗದ ಹರಡಿಕೊಂಡು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದರಲ್ಲ, ಅದನ್ನು ಈಯಮ್ಮ ಅಮೆರಿಕದ ಕಾಲೇಜಿನಲ್ಲಿ ಶುರುಹಚ್ಚಿಕೊಂಡರು. ಹೊಸದಿರಲಿ, ಹಳೆಯದಿರಲಿ, ಬೈಂಡು ಹಾಕದೆ ಪುಸ್ತಕ ಕೌಂಟರು ದಾಟುವಂತಿರಲಿಲ್ಲ. ಖಾಕಿ ಕಾಗದ ಎಲ್ಲಿಂದ? ದಿನಸಿ ಅಂಗಡಿಯ ಕಂದು ಚೀಲಗಳಿಂದ! ಸಮಾಮಿಶ್‌ನಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಅತ್ತಿಗೆ ಹೊರಡುವಾಗ ಕಂಕುಳಲ್ಲಿ ಒಂದು ಕಟ್ಟು ಕಾಗದದ ಚೀಲ. ಒಮ್ಮೆ ಮನೆಯಾಕೆ, "ಅಯ್ಯೋ, ಬರೀ ಚೀಲ ತಗೊಂಡು ಹೋಗ್ತಿದೀರಲ್ಲ, ಪುಳಿಯೋಗರೆ ಹಾಕ್ಕೊಡ್ತೀನಿ ಇರಿ" ಎಂದರೆ, ಅತ್ತಿಗೆ ಗಾಬರಿಯಾಗಿ, "ಬೇಡ, ಬೇಡ, ಎಣ್ಣೆ ತಾಗಿದ್ರೆ ಹಾಳಾಗ್ತದೆ!" ಎಂದುಬಿಟ್ಟರು. ಆ ಮನೆಯಾಕೆ ಇಂದಿಗೂ ಅಣ್ಣನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಬೈಂಡಿನ ಮೇಲೆ ಲೇಬಲ್ಲೂ ಬೇಕು. ನೇಮ್, ಕ್ಲಾಸ್, ಸಬ್ಜೆಕ್ಟ್. ಒಬ್ಬ ಬಸ್ ಡ್ರೈವರು ತಲೆ ಕೆರೆದುಕೊಂಡು ಯೋಚಿಸಿ ಕ್ಲಾಸ್ ಎಂಬಲ್ಲಿ 'ಲೋವರ್ ಮಿಡಲ್' ಎಂದು ಬರೆದನಂತೆ! ಅತ್ತಿಗೆ ತಿದ್ದಲಿಲ್ಲ. "ಎಷ್ಟು ಪ್ರಾಮಾಣಿಕ ಜನ ನೋಡು. ನಮ್ಮವರಾದ್ರೆ ಎಲ್ಲ ಅಪ್ಪರ್ ಅಂತಲೇ ಬರೆಯುವುದು" ಎಂದರು.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತಿಗೆಯ ಫೋನು. ನಾನು ಡೌನ್‌ಟೌನ್ ಬೆಲ್ವ್ಯೂನ ಗಾಜಿನ ಗೋಪುರವೊಂದರಲ್ಲಿ ಮೀಟಿಂಗಿನಲ್ಲಿದ್ದೆ. "ನಮ್ಮ ಅಂಗಡಿಯನ್ನು ಔಟ್‌ಸೋರ್ಸ್ ಮಾಡ್ತಾರಂತೆ. ಬೆಂಗಳೂರಿಗಾ, ಹೈದರಾಬಾದಿಗಾ? ನಿನಗೆ ಗೊತ್ತಿರ್ತದಲ್ಲ, ಹೇಳು!"

ತಪ್ಪು ಅವರದಲ್ಲ ಬಿಡಿ. ನಮ್ಮ ಕುಟುಂಬದಲ್ಲಿ ಆ ಪದಕ್ಕೆ ಇದ್ದದ್ದು ಒಂದೇ ಅರ್ಥ. ಹತ್ತು ವರ್ಷದಿಂದ ನನ್ನ ಕಸುಬೇ ಅದು: ಇಲ್ಲಿಯವರು ಮಾಡುವ ಕೆಲಸವನ್ನು ಪೊಟ್ಟಣ ಕಟ್ಟಿ ಅಲ್ಲಿಗೆ ಕಳಿಸುವುದು. "ಅದಲ್ಲ ಅತ್ತಿಗೆ, ಯಾವುದೋ ದೊಡ್ಡ ಕಂಪನಿಗೆ ಅಂಗಡೀನ ಗುತ್ತಿಗೆ ಕೊಡ್ತಾರೆ ಅಷ್ಟೇ. ಅವರೇ ನಡೆಸ್ತಾರೆ, ಎಫಿಶಿಯೆಂಟ್ ಆಗಿರತ್ತೆ" ಎಂದೆ, ತಿಳಿದವನ ಗತ್ತಿನಲ್ಲಿ.

"ನಿನ್ನ ಬಾಯಿಗೆ ಸಗಣಿ ಹಾಕ!" ಎಂದು ಫೋನಿಟ್ಟರು.

ಕಾಲೇಜಿನ ಆಡಳಿತ ಮಂಡಳಿ ಸಾರ್ವಜನಿಕರ ಅಭಿಪ್ರಾಯ ಕೇಳಲು ಸಭೆ ಕರೆಯಿತು. ಬೆಂಬಲಕ್ಕೆ ನಾನೂ ಹೋದೆ. ಮೊದಲು ಸಲಹೆಗಾರನೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿದ. ಬಣ್ಣ ಬಣ್ಣದ ಬಾಣಗಳೆಲ್ಲ ಆಕಾಶಕ್ಕೇ ಹೋಗುತ್ತಿದ್ದವು. ಕೆಂಪು ಬಾಣವೊಂದು ಮಾತ್ರ ತಲೆ ತಗ್ಗಿಸಿಕೊಂಡಿತ್ತು. ಅದು ನಮ್ಮ ಅತ್ತಿಗೆ! ಒಬ್ಬೊಬ್ಬ ಗಿರಾಕಿಗೆ ಹತ್ತು ಹತ್ತು ನಿಮಿಷ ತೆಗೆದುಕೊಳ್ಳುವ ಕೌಂಟರು. ನಿಜ ಹೇಳಬೇಕೆಂದರೆ ಆ ಚಿತ್ರಗಳು ನನಗೆ ಮೆಚ್ಚುಗೆಯಾದವು. ಅಂಥವನ್ನು ನಾನೇ ಎಷ್ಟು ಬರೆದಿಲ್ಲ!

ಆಮೇಲೆ ಅತ್ತಿಗೆಯ ಸರದಿ. ಪ್ರತಿಯೊಬ್ಬರಿಗೂ ಮಾತಾಡಲು ಮೂರು ನಿಮಿಷ, ಹೊತ್ತು ತಿಳಿಸಲು ಮೂರು ಬಣ್ಣದ ದೀಪ. ಹಸಿರು ದೀಪ ಹತ್ತಿತು. ಅತ್ತಿಗೆ ಚೀಲದಿಂದ ಒಂದು ಪುಸ್ತಕ, ಕಾಗದ, ಕತ್ತರಿ, ಟೇಪು ತೆಗೆದು ಬೈಂಡು ಹಾಕಲು ಶುರುಮಾಡಿದರು. ಮಾತಿಲ್ಲ, ಕತೆಯಿಲ್ಲ. ಹಳದಿ ದೀಪ ಹತ್ತಿದಾಗ ಮೂಲೆ ಮಡಚುತ್ತಿದ್ದರು. ಕೆಂಪು ಹತ್ತಿದಾಗ ಲೇಬಲ್ ಅಂಟಿಸಿ, "ಮುಗಿಯಿತು" ಎಂದರು.

ಮಂಡಳಿಯ ಹಿರಿಯಾಕೆಗೆ ಕುತೂಹಲ. ಇದಕ್ಕೆ ಮೂರೇ ನಿಮಿಷ ಸಾಕಾಯಿತಲ್ಲ, ಅಂಗಡಿಯಲ್ಲಿ ಹತ್ತು ನಿಮಿಷ ಏಕೆ ಎಂದು ಕೇಳಿದರು.

ಅತ್ತಿಗೆ ತಮ್ಮ ಉಡುಪಿ ಇಂಗ್ಲಿಷಿನಲ್ಲಿ ಹೇಳಿದರು: ಉಳಿದ ಏಳು ನಿಮಿಷ ಅವರು ಮಾತಾಡುತ್ತಾರೆ. ಇಪ್ಪತ್ತು ವರ್ಷದ ಮೇಲೆ ಪುಸ್ತಕ ಮುಟ್ಟುತ್ತಿದ್ದೇನೆ, ನನಗೆ ತಲೆಗೆ ಹತ್ತುತ್ತದಾ ಎಂದು ಕೇಳುತ್ತಾರೆ. ಸುಮ್ಮನೆ ನಿಲ್ಲಿಸಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಕಣ್ಣು ಕತ್ತರಿಯ ಮೇಲಿದ್ದರೆ ಬಿಡುತ್ತಾರೆ.

ಸಲಹೆಗಾರ ತಡವರಿಸಲಿಲ್ಲ. ಅದಕ್ಕೆ ಕಂಪನಿಯ ಜಾಲತಾಣದಲ್ಲಿ ಚಾಟ್ ಪೆಟ್ಟಿಗೆಯ ವ್ಯವಸ್ಥೆ ಇದೆ, ಹಗಲೂ ರಾತ್ರಿ ತೆರೆದಿರುತ್ತದೆ ಎಂದ! ಎಲ್ಲರೂ ತಲೆಯಾಡಿಸಿದರು, ಅತ್ತಿಗೆಗೆ ಕೃತಜ್ಞತೆ ಸಲ್ಲಿಸಿದರು, ಅಂಗಡಿಯನ್ನು ಕಂಪನಿಗೆ ಕೊಟ್ಟರು.

ಕಂಪನಿ ಬಂತು. ಅದೇ ಅತ್ತಿಗೆ, ಅದೇ ಕೌಂಟರು, ಅಂಗಿ ಮಾತ್ರ ನೇರಳೆ ಬಣ್ಣದ್ದು. ಜೊತೆಗೊಂದು ನಿಯಮಾವಳಿ: ಅಂಗಡಿಯೊಳಗೆ ಮಾರಾಟದ ಸರಕಿಗೆ ಏನನ್ನೂ ಸುತ್ತಕೂಡದು, ಅಂಟಿಸಕೂಡದು. ಅತ್ತಿಗೆ ಅದನ್ನು ಎರಡು ಸಲ ಓದಿದರು. ಅಂಗಡಿಯೊಳಗೆ ತಾನೆ? ಮರುದಿನದಿಂದ ಊಟದ ಬಿಡುವಿನಲ್ಲಿ ಕತ್ತರಿ ಹಿಡಿದು ಅಂಗಡಿ ಬಾಗಿಲಾಚೆಯ ಬೆಂಚಿನ ಮೇಲೆ ಕೂತರು. ಸೂರಿನಿಂದ ಜಿಟಿಜಿಟಿ ಮಳೆ, ಎದುರಿಗೆ ಪುಸ್ತಕ ಹಿಡಿದವರ ಸಾಲು. "ನೋಡು, ಹೊರಗುತ್ತಿಗೆ ಅಂದ್ರೆ ಇದು. ನಾನು ಹೊರಗೆ!" ಎಂದು ನಗುತ್ತಿದ್ದರು.

ಆ ವರ್ಷದ ಕೊನೆಗೆ ನಮ್ಮ ಆಫೀಸಿನಲ್ಲೂ ಒಬ್ಬ ಸಲಹೆಗಾರ ಬಂದು ಚಿತ್ರ ತೋರಿಸಿದ. ಈ ಸಲದ ಕೆಂಪು ಬಾಣ ನಾನು. ನನ್ನ ಕೆಲಸ ಹೈದರಾಬಾದಿಗೆ ಹೋಯಿತು, ಪೊಟ್ಟಣ ಕಟ್ಟಿಕೊಟ್ಟವನೂ ನಾನೇ. ಯಾರಿಗೂ ಹೇಳಲಿಲ್ಲ, ಅಣ್ಣನಿಗೂ. ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟು ಕಾರಿನಲ್ಲಿ ಕೂತಿರುತ್ತಿದ್ದೆ. ನಲವತ್ತೆರಡನೆಯ ವಯಸ್ಸಿನಲ್ಲಿ ಹೊಸ ಕೋರ್ಸಿಗೆ ಹೆಸರು ಬರೆಸಿದೆ. ಅದೇ ಕಾಲೇಜು. ಬೇರೆ ದಾರಿಯಿರಲಿಲ್ಲ. ಅತ್ತಿಗೆ ಕೌಂಟರಿನಲ್ಲಿಲ್ಲದ್ದು ನೋಡಿ ಕದ್ದುಮುಚ್ಚಿ ಪುಸ್ತಕ ಕೊಂಡು ಆಚೆ ಬಂದರೆ, ಆಗಲೇ ಊಟದ ಬಿಡುವು, ಎದುರಿಗೇ ಬೆಂಚು.

ಓಡಿಹೋಗಬಹುದಿತ್ತು. ಏಕೋ ಸಾಲಿನಲ್ಲಿ ನಿಂತೆ.

ಅತ್ತಿಗೆ ನನ್ನ ಮುಖ ನೋಡಲಿಲ್ಲ, ಪುಸ್ತಕದ ಹೆಸರು ನೋಡಿದರು. ಒಂದು ಕ್ಷಣ ಕೈ ನಿಂತಿತು. ಮತ್ತೆ ಕಾಗದ ಹರಡಿ, "ಈ ತುದಿ ಹಿಡ್ಕೋ" ಎಂದರು. ಹಿಡಿದುಕೊಂಡೆ.

"ಹ್ಞಾ, ಹೇಳು ಈಗ. ಎಂಥ ಆಯ್ತು?"

ಕಣ್ಣು ಕತ್ತರಿಯ ಮೇಲೇ ಇತ್ತು. ನಾನು ಹೇಳಿದೆ, ಎಲ್ಲವನ್ನೂ ಹೇಳಿದೆ. ಅವರು ಮಡಚಿದ ಮೂಲೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು. ಮೂರು ನಿಮಿಷದ ಬೈಂಡಿಗೆ ಅಂದು ಅರ್ಧ ಗಂಟೆ ಹಿಡಿಯಿತು. ಹಿಂದಿದ್ದವರು ಯಾರೂ ಗೊಣಗಲಿಲ್ಲ.

ಲೇಬಲ್ ಅಂಟಿಸಿ ಪೆನ್ನು ಕೊಟ್ಟರು. ಹೆಸರು ಬರೆದೆ, ವಿಷಯ ಬರೆದೆ. ಕ್ಲಾಸ್ ಎಂಬಲ್ಲಿ ಏನು ಬರೆಯಬೇಕೋ ತೋಚದೆ ನಿಂತೆ.

"ಕೊಡು ಇಲ್ಲಿ" ಎಂದು ಅತ್ತಿಗೆ ಪೆನ್ನು ಕಸಿದುಕೊಂಡು, ಕನ್ನಡದಲ್ಲಿ, ದುಂಡಗೆ ಬರೆದರು: ಫಸ್ಟ್.