ಚಾಮರದ ಬಾಲ ನೋಡಿದವರು, ಎದೆ ಕೇಳದವರು

ನಮ್ಮ ಸೋದರಮಾವನನ್ನು ಸಮಾರಂಭಕ್ಕೆ ಕರೆಯುವವರು ಮೊದಲು ಕೊಟ್ಟಿಗೆಗೆ ಬೀಗ ಹಾಕಬೇಕು! ಕಳ್ಳರೇನಲ್ಲ, ಪಾಪ. ಕೊಪ್ಪದಲ್ಲಿ ದನದ ಡಾಕ್ಟರಾಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಸ್ಟೆತಸ್ಕೋಪು ಬಿಡಲಿಲ್ಲ. ನೆಮ್ಮಾರಿನ ಒಂದು ಉಪನಯನದಲ್ಲಿ ಎಲೆ ಹಾಕಿ ಎಲ್ಲರೂ ಕಾಯುತ್ತಿದ್ದರೆ, ಮಾವ ಎಮ್ಮೆಯ ಪಕ್ಕೆಗೆ ಕೊಳವೆ ಒತ್ತಿ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

“ಡಾಕ್ಟ್ರೇ, ಪಾಯಸ ಬಂತು!”

“ಸುಮ್ನಿರು ಮಾರಾಯ, ನಿನ್ನ ಗಲಾಟೆಯಲ್ಲಿ ಇವಳ ಎದೆ ಕೇಳಿಸ್ತಿಲ್ಲ!”

ಇಂಥವರಿಗೆ ಇದ್ದದ್ದು ಒಂದೇ ಆಸೆ: ಹಿಮಾಲಯದ ಚಮರೀಮೃಗದ, ಅಂದರೆ ಯಾಕಿನ, ಎದೆಬಡಿತ ಕೇಳಬೇಕು. “ಶೃಂಗೇರಿಯಲ್ಲಿ ಅದರ ಬಾಲದ ಕೂದಲಿನ ಚಾಮರ ಬೀಸೋದನ್ನ ಎಲ್ಲರೂ ನೋಡಿದಾರೆ. ಬಾಲ ನೋಡಿದ್ರೆ ಸಾಕೇನೋ? ಎದೆ ಯಾರು ಕೇಳಿದಾರೆ?”

ಕಮ್ಮರಡಿ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರಿಗೇ ಪಾಠ ಶುರುವಾಯಿತು. “ನಮ್ಮ ದನವನ್ನ ಅಷ್ಟೆತ್ತರ ಹೊಡ್ಕೊಂಡು ಹೋಗು. ಗಾಳಿ ತೆಳುವಾಗಿ ಶ್ವಾಸಕೋಶದ ರಕ್ತನಾಳ ಬಿಗಿಯುತ್ತೆ. ಹೃದಯದ ಬಲಭಾಗ ದೂಡಿ ದೂಡಿ ಊದ್ಕೊಳ್ಳುತ್ತೆ, ಕಡೆಗೆ ಸೋಲುತ್ತೆ. ಯಾಕಿಗೆ ಹಾಗಲ್ಲ! ನಾಳ ಸಡಿಲವಾಗೇ ಇರುತ್ತೆ. ದೊಡ್ಡ ಹೃದಯ, ದೊಡ್ಡ ಶ್ವಾಸಕೋಶ.” ಕಂಡಕ್ಟರು ಬಾಯಿ ಬಿಟ್ಟು ಕೇಳಿದ. ಸೀಟಿ ಹಾಕುವುದು ಮರೆತ. ಇಳಿಯಬೇಕಾದವರೆಲ್ಲ ಮುಂದಿನ ಸ್ಟಾಪಿನಲ್ಲಿ ಇಳಿದು ಯಾಕಿಗೆ ಶಾಪ ಹಾಕುತ್ತ ಹಿಂದಕ್ಕೆ ನಡೆದರು.

ಕೊಪ್ಪಕ್ಕೆ ಆಗಷ್ಟೇ ಮೊಬೈಲು ಬಂದಿದ್ದ ಕಾಲ. ನಮ್ಮ ಕಡೆಯಿಂದ ಬದರಿಗೆ ಯಾತ್ರೆ ಹೊರಟಿತು. ಮಾವ, ಅತ್ತೆ, ಜೊತೆಗೆ ನಾನು. ಎಲ್ಲರೂ ನಾರಾಯಣನ ದರ್ಶನಕ್ಕೆ ತುಳಸಿ ಹಿಡಿದಿದ್ದರೆ, ಮಾವನ ಚೀಲದಲ್ಲಿ ಏನಿತ್ತು ಅಂತ ಬೇರೆ ಹೇಳಬೇಕೆ? ದೇವರ ಎದುರು ಎರಡೇ ನಿಮಿಷ ಕೈಮುಗಿದು, “ಯಾಕು ಎಲ್ಲಿ ಸಿಗುತ್ತೆ?” ಅಂತ ಅಲ್ಲಿನ ಪುರೋಹಿತರನ್ನೇ ಕೇಳಿದ ಮಹಾನುಭಾವ!

ಮರುದಿನ ಬೆಳಿಗ್ಗೆ ಪಕ್ಕದ ಹಳ್ಳಿಯಲ್ಲಿ ಸಿಕ್ಕೇಬಿಟ್ಟಿತು. ಬೆನ್ನಿಗೆ ಕೆಂಪು ಬಟ್ಟೆ ಹೊದ್ದ, ಜೋಲು ಕೂದಲಿನ ಕರಿಯ ಯಾಕು. ಮಾವ ಕೊಳವೆ ತೋರಿಸಿ ಕೇಳಿದ್ದಕ್ಕೆ ಅದರ ಮಾಲೀಕ ನಗುತ್ತ ಆಗಲಿ ಎಂದು ತಲೆಯಾಡಿಸಿದ. ಮಾವ ಕೊಳವೆ ಕಿವಿಗಿಟ್ಟುಕೊಂಡರು. ಇನ್ನು ಹತ್ತೇ ಹೆಜ್ಜೆ.

ಹಿಂದೆ ಅತ್ತೆ ಕಲ್ಲಿನ ಮೇಲೆ ಕುಸಿದು ಕೂತರು. “ಎಂತದೋ ಮಾಣಿ... ಉಸಿರು ಸಾಕಾಗ್ತಿಲ್ಲ.” ತುಟಿ ನೀಲಿಗಟ್ಟಿತ್ತು.

ಮಾವ ಓಡಿ ಬಂದು ಅವರ ಬೆನ್ನಿಗೆ ಕೊಳವೆ ಒತ್ತಿದರು. ಮಾವನ ಮುಖ ಬಿಳುಚಿತು. “ಜೀಪು ಕರಿ. ಶ್ವಾಸಕೋಶದಲ್ಲಿ ನೀರು ತುಂಬ್ತಿದೆ, ಈಗಲೇ ಕೆಳಗಿಳೀಬೇಕು.”

ನನಗೋ ಹೆಡ್ಡತನ. “ಯಾಕು ಇಲ್ಲೇ ಇದೆಯಲ್ಲ ಮಾವ, ಒಂದು ನಿಮಿಷ...”

“ಜೀಪು ಕರಿಯೋ!” ಮಾವ ಕಿರುಚಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಜೋಶಿಮಠದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಸಂಜೆ ಹೊತ್ತಿಗೆ ಅತ್ತೆಯ ತುಟಿಗೆ ಬಣ್ಣ ಮರಳಿತು.

“ನನ್ನಿಂದ ನಿಮಗೆ ಆ ಯಾಕಿನ ಎದೆ ಕೇಳೋದು ತಪ್ಪಿಹೋಯ್ತು. ಇನ್ನು ಇಷ್ಟು ದೂರ ಬರ್ಲಿಕ್ಕೆ ಆಗ್ತದಾ?”

“ತಪ್ಪಿದ್ರೆ ತಪ್ಪಲಿ. ನೀನು ಮಾತಾಡು.”

“ಎಂತ ಮಾತಾಡ್ಲಿ?”

“ಎಂತಾದ್ರೂ ಸರಿ. ನಿಲ್ಲಿಸ್ಬೇಡ.”

ಅತ್ತೆ ಬದರಿಯ ಹೋಟೆಲಿನ ಒಣಕಲು ರೊಟ್ಟಿಯನ್ನು ಬಯ್ಯತೊಡಗಿದರು. ಮಾವ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳದೆ, ಎಲ್ಲದಕ್ಕೂ ಹೂಂಗುಟ್ಟುತ್ತ ಕೂತರು.