ವಕೀಲರ ಫೀ ಬಿಡುವವಳಲ್ಲ ನಾನು

ಗಂಡನನ್ನು ಕ್ಷಮಿಸಿಬಿಟ್ಟೆ. ಆದರೆ ವಕೀಲರ ಫೀ ಮಾತ್ರ ಬಿಡುವುದಿಲ್ಲ ಎಂದು ಹಟ ಹಿಡಿದೆ. ಆ ಹಟದ ಕಥೆ ಇದು.

ಏಳು ತಿಂಗಳ ಕೂಸನ್ನು ನಮ್ಮ ಯಜಮಾನರು ಸಂಜೀವಕುಮಾರ, ನನಗೊಂದು ಮಾತೂ ಹೇಳದೆ, ಗೆಳೆಯನ ಬೈಕಿನ ಹಿಂದೆ ಕುಳಿತು ತಾಂಬಾ ಎಂಬ ಹಳ್ಳಿಗೆ ಕರೆದುಕೊಂಡು ಹೋಗಿ ಬಂದರು. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ, ಕೂಸಿನ ತಲೆಯ ಮೇಲೆ ಟೋಪಿ ಇಲ್ಲ!

"ನಮ್ಮ ಕಾಕಾಗ ಕೂಸಿನ ಮಾರಿ ತೋರಸಬೇಕಾಗಿತ್ತು. ನಕ್ಕೋತ ಬಂದೈತಿ ನೋಡು," ಎಂದರು.

ನಾನೋ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಕೂಸಿನ ಜ್ವರವನ್ನು ಎರಡೆರಡು ಥರ್ಮಾಮೀಟರಿನಲ್ಲಿ ನೋಡುವವಳು (ಒಂದು ಸುಳ್ಳು ಹೇಳಿದರೆ ಇನ್ನೊಂದಿರಲಿ ಎಂದು). ಸಂಜೆಯ ಬಸ್ಸಿಗೇ ಸಿಂದಗಿಯ ತವರಿಗೆ ಹೋದೆ. ವಾರದೊಳಗೆ ಜೀವನಾಂಶದ ಕೇಸು ಹಾಕಿದೆ. ಸಿಂದಗಿಯಲ್ಲೇ ಹಾಕಬಹುದಿತ್ತು, ಗಂಡನ ಮಾನ ಅವರ ಊರಿನಲ್ಲೇ ಹೋಗಲಿ ಎಂಬ ದೂರಾಲೋಚನೆಯಿಂದ ಇಂಡಿಯಲ್ಲಿ ಹಾಕಿಸಿದೆ.

ದೂರಾಲೋಚನೆಯಲ್ಲಿ ಒಂದು ತೂತು ಉಳಿದಿತ್ತು. ಕೋರ್ಟಿನ ತಾರೀಖಿಗೆ ಬಂದಾಗ ಕೂಸಿಗೆ ಗಂಜಿ ಎಲ್ಲಿ ಕಾಯಿಸುವುದು? ಹೋಟೆಲಿನ ನೀರನ್ನು ನಾನು ನಂಬುವುದಿಲ್ಲ. ಇಡೀ ಇಂಡಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿದ ನೀರು ಸಿಗುವ ಮನೆ ಒಂದೇ, ಎದುರು ಪಕ್ಷದವರದು. (ಕುದಿಸುವುದನ್ನು ಕಲಿಸಿದವಳೂ ನಾನೇ.)

ಹಾಗಾಗಿ ಪ್ರತಿ ತಾರೀಖಿಗೂ ಕೋರ್ಟಿನಿಂದ ನೇರ ಅತ್ತೆಯ ಮನೆ. ಅತ್ತೆ ಹೊನ್ನವ್ವ ಕೂಸಿಗೆ ಗಂಜಿ, ನನಗೆ ರೊಟ್ಟಿ ಬಡಿಸಿ, ಹೊರಡುವಾಗ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಮೇಲೆ ಸಾವಿರ ರೂಪಾಯಿ ಇಟ್ಟು ಉಡಿ ತುಂಬುವರು.

"ನಿಮ್ಮ ಮಗನ ಮ್ಯಾಲ ಕೇಸ್ ಹಾಕೇನ್ರಿ ಅತ್ತಿ!" ಎಂದೆ ಮೊದಲ ದಿನ.

"ಹಾಕವಾ, ಬ್ಯಾಡ ಅಂದವರ್ಯಾರು? ಮುತ್ತೈದಿ ಮನಿ ಬಿಟ್ಟು ಹೊಂಡೂಮುಂದ ಬರೇ ಉಡೀಲೆ ಹೋಗಬಾರದು. ಸೆರಗು ಹಿಡಿ."

ಹಿಡಿದೆ. ಆರು ತಾರೀಖು, ಆರು ಸಲ. ಅಕ್ಕಿ ತವರಿನ ಡಬ್ಬಿಗೆ ಹೋಯಿತು, ನೋಟು ನನ್ನ ವಕೀಲೆ ರಾಜಶ್ರೀಯವರ ಪರ್ಸಿಗೆ.

ಏಳನೆಯ ತಾರೀಖಿಗೆ ರಾಜಿಯಾಯಿತು. ಕೂಸಿಗೆ ಸದಾ ಟೋಪಿ. ಐದು ವರ್ಷದವರೆಗೆ ಬೈಕ್ ನಿಷೇಧ. ತಾಂಬಾದ ಕಾಕಾ ಬೇಕಾದರೆ ಇಲ್ಲಿಗೇ ಬಂದು ಮುಖ ನೋಡತಕ್ಕದ್ದು. ಎಲ್ಲದಕ್ಕೂ ಯಜಮಾನರು ಹೂಂ ಎಂದರು. ಜಡ್ಜ್ ಮೇಡಂ ಪೆನ್ನು ತೆಗೆದರು. ನಾನು ಎದ್ದು ನಿಂತೆ.

"ಮೇಡಂ, ನನ್ನ ವಕೀಲರ ಫೀ ಇವರು ಕೊಡಬೇಕು. ಕಾನೂನಿನಲ್ಲಿ ಅವಕಾಶ ಇದೆ."

ರಾಜಶ್ರೀ ಸೆರಗು ಜಗ್ಗಿದರು. "ಬಿಡ್ರಿ, ವಾಪಸ್ ಮನಿಗೇ ಹೊಂಟೀರಿ. ಆ ಕಿಸೇದಾಗಿಂದು ಈ ಕಿಸೇಕ್ಕ."

"ಬಿಡಾಂಗಿಲ್ಲ!" ಎಂದೆ. ಪ್ರಶ್ನೆ ದುಡ್ಡಿನದಲ್ಲ. ಗಂಡ ಕೈಯಾರೆ ಫೀ ತೆತ್ತರೆ ಟೋಪಿಯ ತಪ್ಪನ್ನು ಒಪ್ಪಿಕೊಂಡಂತೆ. ಅದು ಕೋರ್ಟಿನ ಕಾಗದದಲ್ಲಿ ಇರಬೇಕು. ನಾಳೆ ಕೂಸು ಬೆಳೆದು ಸಾಲಿಗೆ ಹೋಗುವವರೆಗೆ ಪ್ರತಿ ಜಗಳದಲ್ಲೂ ಅದನ್ನು ತೆಗೆದು ತೋರಿಸಬೇಕು!

"ಶೈಲಾ, ಸುಮ್ನ ಕುಂದ್ರು. ಹೊರಗ ಮಾತಾಡೂಣು," ಎಂದರು ಯಜಮಾನರು. ಮುಖ ಬಿಳುಚಿತ್ತು. ಸೋಲಿನ ಭಯ ಎಂದುಕೊಂಡೆ.

"ಯಾರ ದುಡ್ಡು ಖರ್ಚಾಗಿದೆಯೋ, ಅದು ಅವರಿಗೆ ಪೂರಾ ವಾಪಸ್ ಬರಬೇಕು ಮೇಡಂ. ನ್ಯಾಯ ಅಂದರೆ ಅದು!"

"ಲೆಕ್ಕ ಇದೆಯೇನಮ್ಮಾ?"

ಇಲ್ಲದೆ ಏನು! ಕಾನ್ವೆಂಟಿನಲ್ಲಿ ಕಲಿತ ಶಿಸ್ತು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಂಪು ಗೆರೆ ಎಳೆದ ನೋಟ್‌ಬುಕ್ಕನ್ನು ಹೆಮ್ಮೆಯಿಂದ ಒಪ್ಪಿಸಿದೆ. ಜಡ್ಜ್ ಮೇಡಂ ಗಟ್ಟಿಯಾಗಿ ಓದಿದರು.

"ಖರ್ಚು, ವಕೀಲರ ಫೀ, ಒಂದು ಸಾವಿರ. ಜಮಾ, ಅತ್ತೆಯವರಿಂದ ಉಡಿ, ಒಂದು ಸಾವಿರ." ಪುಟ ತಿರುವಿದರು. ಮತ್ತದೇ. ಆರು ಪುಟ. "ಯಾರಮ್ಮಾ ಈ ಅತ್ತೆಯವರು?"

ಹಿಂದಿನ ಬೆಂಚಿನಿಂದ ಹೊನ್ನವ್ವ ಎದ್ದರು, ಬಗಲಲ್ಲಿ ಟೋಪಿ ಹಾಕಿದ ಕೂಸು.

"ನಾನರೀ ಸಾಹೇಬ್ರ. ಆದ್ರ ರೊಕ್ಕ ನಂದಲ್ರಿ, ನನ್ನ ಮಗಂದು. 'ಅವ್ವಾ, ನೀ ಉಡ್ಯಾಗ ಹಾಕು, ನಾ ಕೊಟ್ರ ಮಾರಿ ಮ್ಯಾಲ ಒಗೀತಾಳ' ಅಂತ ತಾರೀಖಿಗೊಮ್ಮೆ ಕೊಡ್ತಿದ್ದನ್ರಿ."

ಜಡ್ಜ್ ಮೇಡಂ ನೋಟ್‌ಬುಕ್ ಮುಚ್ಚಿದರು. ಆಮೇಲೆ ಎಲ್ಲರೂ ನಕ್ಕರು. ನಗದವರು ಇಬ್ಬರೇ, ನಾನು ಮತ್ತು ನನ್ನ ಎದುರಾಳಿ.

"ಈಗ ನಿಮ್ಮ ಮಾತಿನ ಪ್ರಕಾರ ಆರು ಸಾವಿರ ನೀವೇ ನಿಮ್ಮ ಗಂಡನಿಗೆ ಕೊಡಬೇಕು," ಎಂದರು ಜಡ್ಜ್ ಮೇಡಂ. "ಬರೆಯಲೋ, ಬಿಟ್ಟುಬಿಡ್ತೀರೋ?"

ಬಿಟ್ಟುಬಿಡುತ್ತೇನೆ ಎನ್ನಲು ಬಾಯಿ ತೆರೆದೆ. ಆದರೆ ಹಟ ಎನ್ನುವುದು ಬ್ರೇಕಿಲ್ಲದ ಟಂಟಂ ಆಟೋ.

"ಬರೀರಿ ಮೇಡಂ!"

ಕೂಸಿನ ಜಾವಳಕ್ಕೆಂದು ಅಪ್ಪ ಕೊಟ್ಟಿದ್ದ ಹಣ ಪರ್ಸಿನಲ್ಲಿತ್ತು. ವರಾಂಡದಲ್ಲಿ ಆರು ಸಾವಿರ ಎಣಿಸಿ ಯಜಮಾನರ ಕೈಗಿಟ್ಟೆ. ಅವರು ಅದನ್ನು ಕಿಸೆಗೆ ಸೇರಿಸುವ ಮೊದಲೇ, ಅವರ ವಕೀಲರಾದ ಅಬ್ದುಲರಜಾಕ ಸಾಹೇಬರ ಕೈ ನಡುವೆ ಬಂತು.

"ಆರು ತಾರೀಖಿಂದ 'ಮುಂದಿನ ಸಲ ಕೊಡ್ತೇನ್ರಿ ವಕೀಲ್ ಸಾಬ್' ಅನ್ನಾಕತ್ತಿದ್ದಿ. ನನ್ನ ಫೀ ಎಲ್ಲಿ ಹೊಂಟಿತ್ತಂತ ಇವತ್ತ ತಿಳೀತಲೇ ಸಂಜೀವಾ!" ಎಂದು ಎಣಿಸಿಕೊಂಡು ನನ್ನ ಕಡೆ ತಿರುಗಿದರು. "ಶುಕ್ರಿಯಾ, ತಂಗೀ."

ಹೀಗೆ ನನ್ನ ವಕೀಲರ ಫೀ ವಸೂಲಿ ಮಾಡಲು ಹೋಗಿ ಗಂಡನ ವಕೀಲರ ಫೀ ಕಟ್ಟಿ ಬಂದೆ.

ಮರುದಿನ ತವರಿನಿಂದ ಥರ್ಮಾಮೀಟರುಗಳನ್ನು ತರಲು ಹೊರಟೆ. "ಸೆರಗು ಹಿಡಿ," ಎಂದರು ಅತ್ತೆ. ಅಕ್ಕಿಯ ಮೇಲೆ ಮತ್ತೆ ಸಾವಿರ ರೂಪಾಯಿ!

"ಜಮಾದಾಗ ಬರಕೋರಿ ಮೇಡಂ," ಎಂದರು ಯಜಮಾನರು ಬಾಗಿಲಿನಿಂದ.

ನೋಟ್‌ಬುಕ್ಕಿಗಾಗಿ ನೋಡಿದೆ. ಕೂಸು ಅದರ ಉಡಿಯ ಲೆಕ್ಕ ಬರೆದ ಪುಟವೊಂದನ್ನು ಹರಿದು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಕುದಿಸದ ಕಾಗದ! ಆದರೂ ಕಸಿದುಕೊಳ್ಳಲು ನಾನು ಅಂಥ ಅವಸರವನ್ನೇನೂ ಮಾಡಲಿಲ್ಲ.