ಕೋಟು ಹಾಕಿದ ಅಳಿಯ

ತಂತಿ ಹರಿದು ಹಸುವಿನ ಮೇಲೆ ಬೀಳಬಹುದಿತ್ತು. ಗೋಡೆಯೊಳಗಿಂದ ಬೆಂಕಿ ಹೊರಡಬಹುದಿತ್ತು. ಸ್ವಿಚ್ಚು ಮುಟ್ಟಿದ ಅವ್ವ ಅಲ್ಲೇ ಅಂಟಿಕೊಂಡು, ಬಿಡಿಸಲು ಹೋದ ನಾನು ಅವ್ವನಿಗೆ ಅಂಟಿಕೊಳ್ಳಬಹುದಿತ್ತು. ನನ್ನನ್ನು ಬಿಡಿಸಲು ಹೆಂಡತಿ ಬರುತ್ತಾಳೋ ಇಲ್ಲವೋ ಎಂಬುದು ಬೇರೆ ಚಿಂತೆ. ಹೊಸಪೇಟೆಗೆ ಕರೆಂಟು ಬಂದಾಗ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಆದರೆ ಕರೆಂಟಿಗಿಂತ ಹೆಚ್ಚು ಹೆದರಿಕೆ ಇದ್ದದ್ದು ಅಕ್ಕನ ಗಂಡ, ನಮ್ಮ ಭಾವನವರದು.

ಭಾವ ಆಗಿನ ಮದರಾಸು ಸರ್ಕಾರದ ವಿದ್ಯುತ್ ಇನ್ಸ್‌ಪೆಕ್ಟರು. ಅವರು ತಂತಿ ಪರೀಕ್ಷಿಸಿ ಸಹಿ ಹಾಕದೆ ಕರೆಂಟು ಕಂಪನಿ ಯಾರ ಮನೆಗೂ ಕರೆಂಟು ಕೊಡುವಂತಿರಲಿಲ್ಲ. ಕಂಪನಿಯವರು ಕೊಟ್ಟ ಮಂಡಕ್ಕಿ ಒಗ್ಗರಣೆ ಹಾಗಿರಲಿ, ಭಾವ ಅವರ ನೀರನ್ನೂ ಮುಟ್ಟರು. ಇಳಿದುಕೊಂಡಿದ್ದ ಕಮಲಾಪುರದ ಬಂಗಲೆಯಿಂದ ತಂಬಿಗೆಯಲ್ಲಿ ತರುವರು. ಕಂಪನಿಯ ಏಜೆಂಟ ಒಮ್ಮೆ ಬೀಸಣಿಗೆ ಬೀಸಲು ಹೋದ. "ಈ ಗಾಳಿ ಕಂಪನೀದೇನಪಾ? ಬ್ಯಾಡ," ಎಂದು ಎದ್ದು ಬಿಸಿಲಿಗೆ ಹೋಗಿ ನಿಂತರಂತೆ.

ಇಂಥವರು ಅತ್ತೆಯ ಮನೆಯನ್ನು ಮೊದಲು ಪಾಸು ಮಾಡುತ್ತಾರೆಯೇ? ಇಡೀ ಓಣಿಯ ಕೊನೆಗೆ ಹಾಕಿದರು. ಇತ್ತ ಅವ್ವನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಬುಡ್ಡಿಯ ಬೆಳಕಿನಲ್ಲಿ ಮೊಮ್ಮಕ್ಕಳ ಮುಖ ಕಾಣದೆ, ಕೈಯಾಡಿಸಿ ಗುರುತು ಹಿಡಿಯುತ್ತಿದ್ದಳು.

"ಕಣ್ಣು ಪೂರಾ ಹೋದಮ್ಯಾಲೆ ಹಚ್ಚತಾರೇನಲೇ ನಿಮ್ಮ ಭಾವಾರು?"

ಇದನ್ನು ಭಾವನಿಗೆ ಮುಟ್ಟಿಸಿದೆ. "ಮೈಮ್ಯಾಲೆ ಕೋಟೈತಿ. ಈಗ ನಾ ಅಳಿಯ ಅಲ್ಲ," ಎಂದರು.

ಕೊನೆಗೂ ಒಂದು ಮುಸ್ಸಂಜೆ ಕೋಟಿನ ಸಮೇತ ಬಂದರು. ತಂತಿ ಜಗ್ಗಿದರು, ಗೋಡೆ ಮೂಸಿದರು, ಪರೀಕ್ಷೆಗಷ್ಟೇ ಎಂದು ಕಂಪನಿಯವರಿಂದ ಕರೆಂಟು ಬಿಡಿಸಿ ಸ್ವಿಚ್ಚು ಹಾಕಿದರು. ನಡುಮನೆ ಬೆಳಗಿತು. ಅವ್ವ ಬಲ್ಬಿಗೆ ಕೈಮುಗಿದಳು.

"ಇನ್ನ ಆರಿಸಿ ನೋಡಬೇಕು. ಆಮ್ಯಾಲೆ ಸಹಿ," ಎಂದರು ಭಾವ.

"ದೀಪ ಹಚ್ಚೋ ಹೊತ್ತಿನ್ಯಾಗ ಮನಿ ಕತ್ತಲ ಮಾಡ್ತಾರೇನ್ರಿ, ಅಳಿಯಂದ್ರ?" ಅವ್ವ ಸ್ವಿಚ್ಚಿಗೆ ಅಡ್ಡ ನಿಂತಳು.

"ಸರ್ಕಾರದ ನಿಯಮ ಐತ್ರಿ, ಅತ್ತಿ."

"ನಮ್ಮ ಮನೀದೂ ಐತ್ರಿ."

ಕರೆಂಟೂ ಹೋಯಿತು, ಅಕ್ಕನ ಸಂಸಾರವೂ ಹೋಯಿತು ಎಂದು ನಾನು ನಡುವೆ ನಿಂತು ಬೆವತೆ.

ಭಾವ ಕೋಟು ಬಿಚ್ಚಿ ನನ್ನ ಕೈಗಿತ್ತು, ದೇವರ ಗೂಡಿನ ಮುಂದೆ ಕುಳಿತು, ಕಡ್ಡಿ ಗೀರಿ ಎಣ್ಣೆದೀಪ ಹಚ್ಚಿದರು. ಮನೆ ಇನ್ನು ಕತ್ತಲಾಗುವಂತಿಲ್ಲ. ಅವ್ವ ಸರಿದು ದಾರಿ ಬಿಟ್ಟಳು. ಭಾವ ಕೋಟು ತೊಟ್ಟು ಬಲ್ಬು ಆರಿಸಿದರು, ಮತ್ತೆ ಹಚ್ಚಿದರು, ಸಹಿ ಹಾಕಿದರು. ಸಹಿ ಹಾಕುವಾಗ ಮುಖ ಕಿವುಚಿದ್ದನ್ನು ನಾನು ಸರ್ಕಾರದ ಗಾಂಭೀರ್ಯ ಎಂದುಕೊಂಡೆ.

ಹಸು ಸಾಯಲಿಲ್ಲ, ಗೋಡೆ ಸುಡಲಿಲ್ಲ. ಕೆಟ್ಟದ್ದು ಇಷ್ಟೇ: ಊರಿಗೆಲ್ಲ ಕರೆಂಟಿನ ಅಪಾಯ ಹೇಳುವ ಭಾವ ಬೆಂಕಿಕಡ್ಡಿಯಲ್ಲಿ ಬೆರಳು ಸುಟ್ಟುಕೊಂಡಿದ್ದರು.

ಅವ್ವ ಆ ಕೈಯನ್ನು ಬಲ್ಬಿನ ಕೆಳಗೆ ಎಳೆದು ಹಿಡಿದು ಊದಿದಳು. "ತುದೀಗೆ ಸಣ್ಣ ಬೊಬ್ಬಿ ಬಂದೈತಿ ನೋಡ್ರಿ," ಎಂದಳು. ಕೈಯಾಡಿಸಿ ಹೇಳಿದ್ದಲ್ಲ, ಕಂಡು ಹೇಳಿದ್ದು.

ಭಾವ ಕೈ ಬಿಡಿಸಿಕೊಳ್ಳಲಿಲ್ಲ. ಕೋಟು ಇನ್ನೂ ಮೈಮೇಲೆಯೇ ಇತ್ತು.